ಸೂರ್ಯನ ಮೇಲಿನ ಗಡ್ಡೆಗಳು

ಹಂಪಿಯ ಬಂಡೆಗಳ ನಡುವೆ ಹಾದುಹೋಗುವ ತುಂಗಭದ್ರೆ ಒಂದು ಕಡೆ ಕವಲೊಡೆಯುತ್ತದೆ. ಒಂದು ಕವಲು ವಿರೂಪಾಕ್ಷ ದೇವಾಲಯದ ಮಗ್ಗುಲಲ್ಲಿ ಹರಿಯುತ್ತದೆ. ಇನ್ನೊಂದು ಉತ್ತರಕ್ಕೆ ಬಳಸಿಕೊಂಡು ಹೋಗಿ ಮತ್ತೆ ಮೊದಲನೆಯದನ್ನು ಕೂಡಿಕೊಳ್ಳುತ್ತದೆ. ಇವೆರಡರ ನಡುವೆ ಉಳಿದ ನೆಲವೇ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ. ಈ ಸೀಮೆಯ ಮಾತಿನಲ್ಲಿ ಗಡ್ಡೆ ಎಂದರೆ ನಡುಗಡ್ಡೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಹಂಪಿಯ ಕಡೆಯ ದೋಣಿ ನಿಲ್ಲುತ್ತದೆ. ೨೦೧೯ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಇಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರುಗಳೇ ಬರಬೇಕಾಯಿತು.

ಪ್ರವಾಹ ಕವಲೊಡೆದು ಮತ್ತೆ ಕೂಡುವಲ್ಲಿ ಗಡ್ಡೆ ಹುಟ್ಟುತ್ತದೆ. ಗಡ್ಡೆಯಲ್ಲಿ ಸಿಕ್ಕಿಕೊಂಡವರಿಗೆ ಹೊರಬರುವ ದಾರಿ ಸುಲಭವಲ್ಲ. ಈ ಎರಡು ಮಾತುಗಳು ನದಿಗೆ ಮಾತ್ರ ಸಲ್ಲುವಂಥವಲ್ಲ. ಹದಿನೈದು ಕೋಟಿ ಕಿಲೋಮೀಟರು ದೂರದ ಸೂರ್ಯನಲ್ಲಿಯೂ ಇಂಥ ಗಡ್ಡೆಗಳು ಹುಟ್ಟುತ್ತವೆ ಎಂದು ಭೌತವಿಜ್ಞಾನಿಗಳು ಹೇಳುತ್ತಾರೆ. ಅವು ಮಣ್ಣಿನ ಗಡ್ಡೆಗಳಲ್ಲ, ಕಾಂತಕ್ಷೇತ್ರದ ಗಡ್ಡೆಗಳು. ಅವುಗಳಲ್ಲಿ ಸಿಕ್ಕಿಕೊಳ್ಳುವುದು ಎಲೆಕ್ಟ್ರಾನು. ಸೌರಜ್ವಾಲೆ ಭುಗಿಲೆದ್ದಾಗ ಎಲೆಕ್ಟ್ರಾನುಗಳಿಗೆ ಬೆಳಕಿನ ಅರ್ಧದಷ್ಟು ವೇಗ ಎಲ್ಲಿಂದ ಬರುತ್ತದೆ ಎಂಬ ಹಳೆಯ ಪ್ರಶ್ನೆಗೆ ಈ ಗಡ್ಡೆಗಳಲ್ಲಿಯೇ ಉತ್ತರ ಅಡಗಿರಬಹುದೆಂಬ ಅಭಿಪ್ರಾಯ ಇತ್ತೀಚಿನ ವರ್ಷಗಳಲ್ಲಿ ಬಲಗೊಂಡಿದೆ.

ಐದು ನಿಮಿಷದ ಬೆಳಕು

ಸೌರಜ್ವಾಲೆಯನ್ನು ಮನುಷ್ಯ ಮೊದಲು ಕಂಡು ಬರೆದಿಟ್ಟದ್ದು ೧೮೫೯ರ ಸೆಪ್ಟೆಂಬರ್ ೧ರಂದು. ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೌರಕಲೆಗಳ ಚಿತ್ರ ಬರೆದುಕೊಳ್ಳುತ್ತಿದ್ದಾಗ ಕಲೆಗಳ ಗುಂಪೊಂದರ ಮೇಲೆ ಕಣ್ಣು ಕೋರೈಸುವ ಎರಡು ಬೆಳಕಿನ ತುಣುಕುಗಳು ಕಾಣಿಸಿಕೊಂಡವು. ಸುಮಾರು ಐದು ನಿಮಿಷಗಳಲ್ಲಿ ಅವು ಮಾಯವಾದವು. ರಿಚರ್ಡ್ ಹಾಜ್‌ಸನ್ ಎಂಬ ಇನ್ನೊಬ್ಬ ವೀಕ್ಷಕನೂ ಅದೇ ಹೊತ್ತಿನಲ್ಲಿ ಅದನ್ನು ಬೇರೊಂದು ಊರಿನಿಂದ ಕಂಡಿದ್ದ. ಒಂದು ದಿನ ತುಂಬುವುದರೊಳಗೆ ಭೂಮಿಯ ಕಾಂತಕ್ಷೇತ್ರದಲ್ಲಿ ಭಾರಿ ಕ್ಷೋಭೆ ಎದ್ದಿತು. ತಂತಿ ಯಂತ್ರಗಳು ಕೆಟ್ಟು ಕುಳಿತವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ದಾಖಲಾದ ಅಂದಿನ ಏರಿಳಿತ ಇಂದಿಗೂ ವಿಜ್ಞಾನಿಗಳಿಗೆ ಅಮೂಲ್ಯ ಆಧಾರವಾಗಿದೆ.

ಆ ಬೆಳಕು ಹೊಮ್ಮಿದ್ದು ಸೂರ್ಯನ ಕಾಣುವ ಮೈಯಿಂದ. ಆದರೆ ಅದರ ಬೇರು ಇದ್ದದ್ದು ಅದಕ್ಕೂ ಮೇಲೆ, ಕರೋನಾ ಎಂದು ಕರೆಯಲಾಗುವ ಪ್ರಭಾವಲಯದಲ್ಲಿ. ಸಾಮಾನ್ಯ ದಿನಗಳಲ್ಲಿ ಈ ಪ್ರಭಾವಲಯ ಬರಿಗಣ್ಣಿಗೆ ಕಾಣುವುದಿಲ್ಲ. ೧೯೮೦ರ ಫೆಬ್ರವರಿ ೧೬ರಂದು ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣದಲ್ಲಿ ಅದು ಎರಡು ನಿಮಿಷಕ್ಕೂ ಮೀರಿ ಕಂಡಿತ್ತು. ಅದು ಸೌರಕಲೆಗಳು ಹೆಚ್ಚಾಗಿದ್ದ ಕಾಲವಾದ್ದರಿಂದ ಚಂದ್ರನ ಕಪ್ಪು ಬಿಲ್ಲೆಯ ಸುತ್ತಲೂ ಬೆಳ್ಳಿಯ ಎಳೆಗಳು ಎಲ್ಲ ದಿಕ್ಕಿಗೂ ಹರಡಿದ್ದವು. ಆ ಎಳೆಗಳ ಆಕಾರವನ್ನು ತಿದ್ದುವುದು ಸೂರ್ಯನ ಕಾಂತಕ್ಷೇತ್ರ.

ಪ್ರಭಾವಲಯದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಅಂಥ ಬಿಸಿಯಲ್ಲಿ ಪರಮಾಣುಗಳು ಇಡಿಯಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನುಗಳು ಬೇರೆ, ಅವನ್ನು ಕಳೆದುಕೊಂಡ ಅಯಾನುಗಳು ಬೇರೆಯಾಗಿ ಓಡಾಡುತ್ತಿರುತ್ತವೆ. ಇದೇ ಪ್ಲಾಸ್ಮಾ. ಅಲ್ಲಿ ಒಂದು ಸಾಧಾರಣ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಏಳೆಂಟು ಸಾವಿರ ಕಿಲೋಮೀಟರು. ಜ್ವಾಲೆ ಎದ್ದಾಗ ಇದೇ ಎಲೆಕ್ಟ್ರಾನು ಸೆಕೆಂಡಿಗೆ ಒಂದು ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರು ವೇಗ ಪಡೆಯುತ್ತದೆ. ಅದರ ಶಕ್ತಿ ನೂರಾರು ಪಟ್ಟು ಏರುತ್ತದೆ. ಹೀಗೆ ವೇಗ ಏರುವುದನ್ನೇ ಭೌತವಿಜ್ಞಾನದಲ್ಲಿ ವೇಗೋತ್ಕರ್ಷ ಎನ್ನುತ್ತಾರೆ.

ಒಂದು ದೊಡ್ಡ ಜ್ವಾಲೆಯಲ್ಲಿ ಬಿಡುಗಡೆಯಾಗುವ ಒಟ್ಟು ಶಕ್ತಿ, ಇಂದಿನ ಭಾರತ ಒಂದು ವರ್ಷದಲ್ಲಿ ಉತ್ಪಾದಿಸುವ ವಿದ್ಯುತ್ತಿನ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಅದರಲ್ಲಿ ಗಣನೀಯ ಪಾಲು ಮೊದಲು ಈ ವೇಗದ ಎಲೆಕ್ಟ್ರಾನುಗಳ ಕೈಗೆ ಹೋಗುತ್ತದೆ. ಬೆಳಕು, ಶಾಖಗಳಲ್ಲಿ ಹೆಚ್ಚಿನದು ಆಮೇಲಿನದು. ಆದ್ದರಿಂದ ಎಲೆಕ್ಟ್ರಾನಿನ ವೇಗದ ಗುಟ್ಟನ್ನು ತಿಳಿಯದೆ ಜ್ವಾಲೆಯ ಗುಟ್ಟನ್ನು ತಿಳಿದಂತಾಗುವುದಿಲ್ಲ.

ನೆರಳಿನಿಂದ ನೋಡುವ ಕಣ್ಣು

ಎಲೆಕ್ಟ್ರಾನುಗಳು ಕಣ್ಣಿಗೆ ಕಾಣುವಂಥವಲ್ಲ. ಅವು ಬಿಟ್ಟುಹೋಗುವ ಗುರುತುಗಳಲ್ಲಿ ಮೊದಲನೆಯದು ಕ್ಷ-ಕಿರಣ. ಆಸ್ಪತ್ರೆಯ ಕ್ಷ-ಕಿರಣ ಕೊಳವೆಯಲ್ಲಿ ಹತ್ತಾರು ಸಾವಿರ ವೋಲ್ಟ್ ಒತ್ತಡದಿಂದ ಎಲೆಕ್ಟ್ರಾನುಗಳನ್ನು ಓಡಿಸಿ ಲೋಹದ ಫಲಕಕ್ಕೆ ಬಡಿಸುತ್ತಾರೆ. ಥಟ್ಟನೆ ತಡೆದಾಗ ಅವುಗಳ ಶಕ್ತಿಯಲ್ಲಿ ಒಂದು ಅಂಶ ಕ್ಷ-ಕಿರಣವಾಗಿ ಹೊರಬೀಳುತ್ತದೆ. ಸೂರ್ಯನಲ್ಲಿಯೂ ನಡೆಯುವುದು ಇದೇ. ಪ್ರಭಾವಲಯದಿಂದ ಕೆಳಗೆ ಧಾವಿಸಿದ ಎಲೆಕ್ಟ್ರಾನುಗಳು ದಟ್ಟವಾದ ವರ್ಣಗೋಳಕ್ಕೆ ಅಪ್ಪಳಿಸಿ ಕ್ಷ-ಕಿರಣಗಳನ್ನು ಚಿಮ್ಮಿಸುತ್ತವೆ. ೧೯೫೮ರ ಮಾರ್ಚ್ ೨೦ರಂದು ಪೀಟರ್ಸನ್ ಮತ್ತು ವಿಂಕ್ಲರ್ ಎಂಬ ಅಮೆರಿಕದ ವಿಜ್ಞಾನಿಗಳ ಬಲೂನೊಂದು ಕ್ಯೂಬಾದ ಮೇಲೆ ಹಾರುತ್ತಿದ್ದಾಗ ಜ್ವಾಲೆಯೊಂದರಿಂದ ಬಂದ ಇಂಥ ತೀಕ್ಷ್ಣ ಕಿರಣಗಳನ್ನು ಮೊದಲ ಬಾರಿಗೆ ಹಿಡಿಯಿತು.

ತೀಕ್ಷ್ಣ ಕ್ಷ-ಕಿರಣಗಳನ್ನು ಗಾಜಿನ ಮಸೂರ ಬಗ್ಗಿಸಲಾರದು. ಸಾಮಾನ್ಯ ಕನ್ನಡಿ ಪ್ರತಿಫಲಿಸಲಾರದು. ಹಾಗಿದ್ದ ಮೇಲೆ ಚಿತ್ರ ತೆಗೆಯುವುದು ಹೇಗೆ? ಇದಕ್ಕೆ ಹೋಲುವ ಉಪಾಯವೊಂದು ವಿರೂಪಾಪುರಗಡ್ಡೆಯ ಎದುರು ದಡದಲ್ಲಿಯೇ ಇದೆ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ, ಸಣ್ಣ ಕಿಂಡಿಯೊಂದರಿಂದ ಬಂದ ಬೆಳಕು ಒಂಬತ್ತು ನೆಲೆಯ ರಾಜಗೋಪುರದ ಬಿಂಬವನ್ನು ತಲೆಕೆಳಗಾಗಿ ಗೋಡೆಯ ಮೇಲೆ ಮೂಡಿಸುತ್ತದೆ. ಮಸೂರವಿಲ್ಲ, ಕನ್ನಡಿಯಿಲ್ಲ, ತಡೆ ಮತ್ತು ತೂತು ಇಷ್ಟೇ ಸಾಮಗ್ರಿ. ಕ್ಷ-ಕಿರಣ ದೂರದರ್ಶಕಗಳ ತತ್ತ್ವವೂ ಇದಕ್ಕೆ ದೂರದ್ದಲ್ಲ. ಲೋಹದ ಸಣ್ಣ ಸೀಳುಗಳ ಜಾಲರಿಗಳನ್ನು ಒಂದರ ಹಿಂದೆ ಒಂದು ಇಟ್ಟು, ಅವು ಬೀಳಿಸುವ ನೆರಳುಗಳನ್ನು ಅಳೆದು, ಮೂಲ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ.

ಜಪಾನಿನ ಯೋಹ್ಕೋ ಉಪಗ್ರಹ ೧೯೯೧ರ ಆಗಸ್ಟ್ ಕೊನೆಗೆ ಇಂಥ ಜಾಲರಿಗಳನ್ನು ಹೊತ್ತು ಮೇಲೇರಿತು. ೧೯೯೨ರ ಜನವರಿ ೧೩ರಂದು ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಯ ಚಿತ್ರಗಳನ್ನು ಸತೋಷಿ ಮಸುದ ಎಂಬ ಯುವ ಸಂಶೋಧಕ ಪರಿಶೀಲಿಸಿದಾಗ ಮೂರು ಚುಕ್ಕೆಗಳು ಕಂಡವು. ಕಮಾನಿನಂತೆ ಬಾಗಿದ ಕಾಂತರೇಖೆಗಳ ಎರಡು ಪಾದಗಳಲ್ಲಿ ಎರಡು, ಇವು ನಿರೀಕ್ಷಿತವೇ. ಮೂರನೆಯದು ಕಮಾನಿನ ನೆತ್ತಿಗಿಂತಲೂ ಮೇಲೆ, ಎಲೆಕ್ಟ್ರಾನುಗಳನ್ನು ತಡೆಯುವಂಥದ್ದು ಏನೂ ಹೆಚ್ಚಿಲ್ಲದ ತೆಳು ಪ್ರದೇಶದಲ್ಲಿತ್ತು. ೧೯೯೪ರಲ್ಲಿ ಪ್ರಕಟವಾದ ಈ ಶೋಧ ಒಂದು ಮಾತನ್ನು ಸ್ಪಷ್ಟಪಡಿಸಿತು: ಎಲೆಕ್ಟ್ರಾನುಗಳಿಗೆ ವೇಗ ಸಿಗುವ ಗರಡಿಮನೆ ಕಮಾನಿನ ಒಳಗಿಲ್ಲ, ಅದರ ಮೇಲಿದೆ.

ಬೇರೆ ಸಾಕ್ಷ್ಯವೂ ಇದಕ್ಕೆ ಕೂಡಿಬಂತು. ಹೆಚ್ಚು ಶಕ್ತಿಯ ಕ್ಷ-ಕಿರಣಗಳು ಕಡಿಮೆ ಶಕ್ತಿಯವಕ್ಕಿಂತ ಸೆಕೆಂಡಿನ ನೂರನೆಯ ಒಂದೆರಡು ಅಂಶದಷ್ಟು ಮೊದಲು ಬರುವುದನ್ನು ಅಳೆಯಲಾಯಿತು. ಒಂದೇ ಜಾಗದಿಂದ ಒಟ್ಟಿಗೆ ಹೊರಟ ಓಟಗಾರರಲ್ಲಿ ಚುರುಕಾದವನು ಮೊದಲು ಗುರಿ ಮುಟ್ಟುತ್ತಾನೆ. ಎಷ್ಟು ಮೊದಲು ಎಂಬುದರಿಂದ ಓಟದ ದೂರ ತಿಳಿಯುತ್ತದೆ. ಈ ಲೆಕ್ಕವೂ ಬೆರಳು ತೋರಿದ್ದು ಕಮಾನಿನ ಮೇಲಿನ ಪ್ರದೇಶದ ಕಡೆಗೇ.

ಗೌರಿಬಿದನೂರಿನ ಕಿವಿ

ಎಲ್ಲ ಎಲೆಕ್ಟ್ರಾನುಗಳೂ ಕೆಳಗೆ ಬೀಳುವುದಿಲ್ಲ. ಕೆಲವು ಮೇಲ್ಮುಖವಾಗಿ, ಅಂತರಿಕ್ಷದತ್ತ ತೆರೆದ ಕಾಂತರೇಖೆಗಳನ್ನು ಹಿಡಿದು ಹೊರಟುಬಿಡುತ್ತವೆ. ಅವುಗಳ ಗುರುತನ್ನು ಹಿಡಿಯುವ ಕೆಲಸ ಕರ್ನಾಟಕದ ನೆಲದಲ್ಲಿಯೇ ದಶಕಗಳಿಂದ ನಡೆದಿದೆ. ಬೆಂಗಳೂರಿನ ಉತ್ತರಕ್ಕೆ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ೧೯೭೦ರ ದಶಕದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ, ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ೧೯೯೭ರಿಂದ ಅದೇ ಆವರಣದಲ್ಲಿ ಖಭೌತ ಸಂಸ್ಥೆ ಸೂರ್ಯನಿಗಾಗಿಯೇ ಮೀಸಲಾದ ರೇಡಿಯೋ ಚಿತ್ರಗ್ರಾಹಿಯನ್ನು ನಡೆಸುತ್ತ ಬಂದಿದೆ. ಬಯಲಿನಲ್ಲಿ ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದಲ್ಲಿ ಸಾಲಾಗಿ ನಿಂತ ಇದರ ಆಂಟೆನಾಗಳು ಹಿಂದೆ ಮನೆಗಳ ಮಾಳಿಗೆಯ ಮೇಲಿರುತ್ತಿದ್ದ ಟೆಲಿವಿಷನ್ ಆಂಟೆನಾಗಳನ್ನು ನೆನಪಿಸುತ್ತವೆ.

ಪ್ಲಾಸ್ಮಾಕ್ಕೆ ತನ್ನದೇ ಆದ ಒಂದು ಕಂಪನಾಂಕವಿದೆ. ಎಲೆಕ್ಟ್ರಾನುಗಳು ದಟ್ಟವಾಗಿದ್ದಷ್ಟೂ ಕಂಪನಾಂಕ ಹೆಚ್ಚು. ವೇಗದ ಎಲೆಕ್ಟ್ರಾನುಗಳ ಗುಂಪು ನುಗ್ಗಿದಾಗ, ಮೀಟಿದ ತಂತಿಯಂತೆ ಪ್ಲಾಸ್ಮಾ ಆ ಕಂಪನಾಂಕದಲ್ಲಿ, ಇಲ್ಲವೆ ಅದರ ಎರಡರಷ್ಟರಲ್ಲಿ, ರೇಡಿಯೋ ತರಂಗಗಳನ್ನು ಹೊಮ್ಮಿಸುತ್ತದೆ. ಘನ ಸೆಂಟಿಮೀಟರಿಗೆ ಸುಮಾರು ಎಂಟು ಕೋಟಿ ಎಲೆಕ್ಟ್ರಾನುಗಳಿರುವಲ್ಲಿ ಕಂಪನಾಂಕ ೮೦ ಮೆಗಾಹರ್ಟ್ಸ್. ಅವು ಎರಡು ಕೋಟಿಗೆ ಇಳಿದಲ್ಲಿ ೪೦ ಮೆಗಾಹರ್ಟ್ಸ್. ಎಲೆಕ್ಟ್ರಾನುಗಳು ಮೇಲೇರಿದಂತೆ ಪ್ರಭಾವಲಯ ತೆಳುವಾಗುತ್ತ ಹೋಗುವುದರಿಂದ ಈ ಸ್ವರ ಕೆಲವೇ ಸೆಕೆಂಡುಗಳಲ್ಲಿ ತಾರದಿಂದ ಮಂದ್ರಕ್ಕೆ ಜಾರುತ್ತದೆ. ಆಸ್ಟ್ರೇಲಿಯದ ಪಾಲ್ ವೈಲ್ಡ್ ಮತ್ತು ಅವರ ಸಂಗಡಿಗರು ೧೯೫೦ರಲ್ಲಿ ಇದಕ್ಕೆ ‘ಮೂರನೆಯ ಮಾದರಿಯ ಸಿಡಿತ’ ಎಂದು ಹೆಸರಿಟ್ಟರು. ಸ್ವರ ಎಷ್ಟು ಬೇಗ ಇಳಿಯಿತೆಂಬುದರಿಂದ ಎಲೆಕ್ಟ್ರಾನುಗಳ ವೇಗ ತಿಳಿಯುತ್ತದೆ. ಅದು ಸಾಮಾನ್ಯವಾಗಿ ಬೆಳಕಿನ ವೇಗದ ಹತ್ತನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಇರುತ್ತದೆ.

ಮುರಿದು ಕೂಡುವ ರೇಖೆಗಳು

ಎಲೆಕ್ಟ್ರಾನುಗಳಿಗೆ ವೇಗ ಸಿಗುವುದು ಎಲ್ಲಿ ಎಂಬುದಕ್ಕೆ ಹೀಗೆ ಉತ್ತರ ದೊರೆಯಿತು. ಹೇಗೆ ಎಂಬುದು ಉಳಿಯಿತು.

ಶಕ್ತಿಯ ಮೂಲ ಕಾಂತಕ್ಷೇತ್ರ ಎಂಬುದರಲ್ಲಿ ಈಗ ಸಂದೇಹವಿಲ್ಲ. ಸೌರಕಲೆಗಳ ಬಳಿ ಕಾಂತರೇಖೆಗಳು ಕೆಳಗಿನ ಪ್ಲಾಸ್ಮಾದ ಚಲನೆಗೆ ಸಿಕ್ಕಿ ತಿರುಚಿಕೊಳ್ಳುತ್ತವೆ. ಹಗ್ಗ ಹೊಸೆದಂತೆ ಶಕ್ತಿ ಅವುಗಳಲ್ಲಿ ಕೂಡಿಕೊಳ್ಳುತ್ತದೆ. ಎದುರುಬದುರು ದಿಕ್ಕಿನ ರೇಖೆಗಳು ಒಂದನ್ನೊಂದು ಒತ್ತಿದಾಗ ನಡುವೆ ತೆಳುವಾದ ವಿದ್ಯುತ್ ಪ್ರವಾಹದ ಹಾಳೆ ಏಳುತ್ತದೆ. ಅಲ್ಲಿ ಹಳೆಯ ರೇಖೆಗಳು ಮುರಿದು ಹೊಸ ಜೊತೆಗಳಾಗಿ ಕೂಡುತ್ತವೆ. ಇದೇ ‘ಕಾಂತ ಮರುಜೋಡಣೆ’. ಆಸ್ಟ್ರೇಲಿಯದ ಜೊವನೆಲ್ಲಿ ೧೯೪೦ರ ದಶಕದಲ್ಲಿ ಇದರ ಸುಳಿವು ಕೊಟ್ಟರು; ೧೯೫೦ರ ದಶಕದಲ್ಲಿ ಸ್ವೀಟ್ ಮತ್ತು ಪಾರ್ಕರ್ ಇದಕ್ಕೆ ಗಣಿತದ ರೂಪ ಕೊಟ್ಟರು. ಹೊಸದಾಗಿ ಕೂಡಿದ ರೇಖೆಗಳು ಎಳೆದು ಬಿಟ್ಟ ಕ್ಯಾಟರ್‌ಬಿಲ್ಲಿನ ರಬ್ಬರಿನಂತೆ ಎರಡೂ ಕಡೆಗೆ ಚಿಮ್ಮುತ್ತವೆ.

ಆದರೆ ಒಂದು ತೊಡಕು ಉಳಿಯಿತು. ದೊಡ್ಡ ಜ್ವಾಲೆಯಲ್ಲಿ ಸೆಕೆಂಡಿಗೆ ವೇಗ ಪಡೆಯುವ ಎಲೆಕ್ಟ್ರಾನುಗಳ ಸಂಖ್ಯೆ, ಒಂದರ ಮುಂದೆ ೩೬ ಸೊನ್ನೆ ಬರೆದಷ್ಟು. ಆ ತೆಳು ಹಾಳೆಯ ನಟ್ಟನಡುವಿನ ವಿದ್ಯುತ್ ಕ್ಷೇತ್ರವೊಂದೇ ಇಷ್ಟನ್ನೆಲ್ಲ ಓಡಿಸುವುದು ಕಷ್ಟ. ಹಾಳೆ ಅಷ್ಟು ಕಿರಿದು. ಹೆಚ್ಚಿನ ಎಲೆಕ್ಟ್ರಾನುಗಳು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಓಡಿದರೆ ಹುಟ್ಟುವ ವಿದ್ಯುತ್ ಪ್ರವಾಹ ಎಷ್ಟು ಅಗಾಧವೆಂದರೆ, ಅದರ ಕಾಂತಕ್ಷೇತ್ರ ಮೂಲದ ಕ್ಷೇತ್ರವನ್ನೇ ನುಂಗಿಹಾಕಬೇಕು. ಇಷ್ಟು ವೇಗದಲ್ಲಿ ಖರ್ಚಾದರೆ ಆ ಪ್ರದೇಶದ ಎಲೆಕ್ಟ್ರಾನುಗಳು ಬಹುಬೇಗ ಬರಿದಾಗಬೇಕು. ಆಗುವುದಿಲ್ಲ, ಏಕೆಂದರೆ ಕೆಳಗಿನಿಂದ ನಿಧಾನಗತಿಯ ಎಲೆಕ್ಟ್ರಾನುಗಳು ಮೇಲೇರಿ ತೆರವಾದ ಜಾಗವನ್ನು ತುಂಬುತ್ತವೆ.

ಹೀಗಾಗಿ ಒಂದು ಕಿರಿದಾದ ಬಾಗಿಲಿನ ಬದಲು ವಿಶಾಲವಾದ ಕಣ ಬೇಕಾಯಿತು. ಇಲ್ಲಿಗೆ ಗಡ್ಡೆಗಳ ಮಾತು ಬರುತ್ತದೆ.

ಗಡ್ಡೆಯೊಳಗಿನ ಚಕ್ರಬಡ್ಡಿ

ಉದ್ದನೆಯ ತೆಳು ಹಾಳೆ ಬಹುಕಾಲ ಹಾಳೆಯಾಗಿ ಉಳಿಯುವುದಿಲ್ಲ. ಅಲ್ಲಲ್ಲಿ ಹರಿದು, ಒಂದರ ಪಕ್ಕದಲ್ಲೊಂದು ಹಲವು ಕಡೆ ಮರುಜೋಡಣೆ ಆರಂಭವಾಗುತ್ತದೆ. ಎರಡು ಜೋಡಣೆಗಳ ನಡುವೆ ಸಿಕ್ಕಿದ ಕಾಂತರೇಖೆಗಳು ತಮ್ಮಷ್ಟಕ್ಕೆ ತಾವೇ ಸುತ್ತಿಕೊಂಡು ಉದ್ದುದ್ದನೆಯ ಉಂಗುರಗಳಾಗುತ್ತವೆ. ಪ್ಲಾಸ್ಮಾ ವಿಜ್ಞಾನಿಗಳು ಇವನ್ನು ‘ಕಾಂತ ದ್ವೀಪ’ ಎನ್ನುತ್ತಾರೆ. ಗಂಗಾವತಿ ಸೀಮೆಯವರಾದರೆ ಕಾಂತದ ಗಡ್ಡೆ ಎನ್ನಬಹುದು. ತುಂಗಭದ್ರೆಯ ಗಡ್ಡೆ ಬಂಡೆಯ ಮೇಲೆ ಸ್ಥಿರವಾಗಿ ನಿಂತಿದೆ. ಇದು ಮಾತ್ರ ನಿಲ್ಲುವುದಿಲ್ಲ. ಎಳೆದ ರಬ್ಬರಿನ ಬಳೆಯಂತೆ ಎರಡೂ ತುದಿಗಳು ಒಳಕ್ಕೆ ಸೆಳೆದುಕೊಂಡು ಗುಂಡಗಾಗಲು ಹವಣಿಸುತ್ತದೆ.

ಒಳಗೆ ಸಿಕ್ಕ ಎಲೆಕ್ಟ್ರಾನು ರೇಖೆಯನ್ನು ಬಿಟ್ಟು ಹೋಗಲಾರದು. ಅದು ಗಡ್ಡೆಯ ಈ ತುದಿಯಿಂದ ಆ ತುದಿಗೆ ಸುತ್ತುತ್ತಲೇ ಇರಬೇಕು. ಪ್ರತಿ ತುದಿಯಲ್ಲಿಯೂ ಅದು ತನ್ನ ಕಡೆಗೇ ಧಾವಿಸಿ ಬರುತ್ತಿರುವ ತಿರುವನ್ನು ಎದುರುಗೊಳ್ಳುತ್ತದೆ. ನಿಂತ ಗೋಡೆಗೆ ಬಡಿದ ಚೆಂಡು ಬಂದ ವೇಗದಲ್ಲಿ ಹಿಂದಿರುಗಿದರೆ, ಮುಂದಕ್ಕೆ ಬೀಸಿದ ಬ್ಯಾಟಿಗೆ ಬಡಿದ ಚೆಂಡು ಹೆಚ್ಚು ವೇಗದಲ್ಲಿ ಹಿಂದಿರುಗುತ್ತದಲ್ಲವೆ? ಹಾಗೆಯೇ ಪ್ರತಿ ತಿರುವಿನಲ್ಲಿಯೂ ಎಲೆಕ್ಟ್ರಾನಿಗೆ ಸ್ವಲ್ಪ ಶಕ್ತಿ ಸಿಗುತ್ತದೆ. ಚಲಿಸುವ ಕಾಂತಕ್ಷೇತ್ರಗಳಿಗೆ ಬಡಿದು ಬಡಿದು ಕಣಗಳು ಶಕ್ತಿ ಗಳಿಸಬಲ್ಲವೆಂಬ ಕಲ್ಪನೆಯನ್ನು ಎನ್ರಿಕೊ ಫರ್ಮಿ ೧೯೪೯ರಲ್ಲಿ ವಿಶ್ವಕಿರಣಗಳ ವಿಷಯದಲ್ಲಿ ಮುಂದಿಟ್ಟಿದ್ದರು. ಕುಗ್ಗುವ ಗಡ್ಡೆಗಳಿಗೆ ಅದನ್ನು ಅನ್ವಯಿಸಿ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಜೇಮ್ಸ್ ಡ್ರೇಕ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದರು.

ಈ ವಿಧಾನದ ವೈಶಿಷ್ಟ್ಯವೆಂದರೆ, ಎಲೆಕ್ಟ್ರಾನಿನ ಬಳಿ ಈಗಾಗಲೇ ಇರುವ ಶಕ್ತಿಗೆ ತಕ್ಕಂತೆ ಹೊಸ ಗಳಿಕೆ ಇರುತ್ತದೆ. ಇದ್ದವನಿಗೇ ಇನ್ನಷ್ಟು, ಸಾಲಕೊಟ್ಟ ಸಾಹುಕಾರನ ಚಕ್ರಬಡ್ಡಿಯಂತೆ. ಉದಾಹರಣೆಗೆ ಪ್ರತಿ ಸಲವೂ ಶಕ್ತಿ ಹತ್ತನೆಯ ಒಂದು ಪಾಲಿನಷ್ಟು ಏರುತ್ತದೆಂದು ಇಟ್ಟುಕೊಂಡರೆ, ಅರವತ್ತು ಸಲಕ್ಕೆ ಅದು ಮುನ್ನೂರು ಪಟ್ಟು ಆಗಿರುತ್ತದೆ. ಒಂದು ಗಡ್ಡೆ ಗುಂಡಗಾಗಿ ಸುಮ್ಮನಾದರೂ ಅದು ನೆರೆಯ ಗಡ್ಡೆಯೊಂದಿಗೆ ಕೂಡಿದಾಗ ಆಟ ಮತ್ತೆ ಮೊದಲಾಗುತ್ತದೆ. ಒಂದೇ ದೊಡ್ಡ ಹೊಡೆತದಿಂದಲ್ಲ, ಅಸಂಖ್ಯಾತ ಸಣ್ಣ ತಳ್ಳುಗಳಿಂದ ಎಲೆಕ್ಟ್ರಾನು ವೇಗ ಪಡೆಯುತ್ತದೆ. ದಿಕ್ಕುಗಳೂ ಬೆರೆಯುವುದರಿಂದ ಅಗಾಧ ಪ್ರವಾಹದ ತೊಡಕು ಹಗುರಾಗುತ್ತದೆ. ಕಣವೂ ವಿಶಾಲವಾಗುತ್ತದೆ.

ಇದಕ್ಕೆ ಬೆಂಬಲವಾಗಿ ೨೦೧೭ರ ಸೆಪ್ಟೆಂಬರ್ ೧೦ರ ಭಾರಿ ಜ್ವಾಲೆ ಒದಗಿತು. ಕ್ಯಾಲಿಫೋರ್ನಿಯದ ಓವೆನ್ಸ್ ಕಣಿವೆಯ ರೇಡಿಯೋ ದೂರದರ್ಶಕಗಳು ಅದರ ಸೂಕ್ಷ್ಮತರಂಗಗಳನ್ನು ಕ್ಷಣಕ್ಷಣಕ್ಕೂ ಚಿತ್ರಿಸಿದ್ದವು. ಫ್ಲೈಶ್‌ಮನ್ ಮತ್ತು ಸಂಗಡಿಗರು ೨೦೨೨ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕಾಂತಶಕ್ತಿ ಬಿಡುಗಡೆಯಾಗುತ್ತಿದ್ದ ದೊಡ್ಡ ಪ್ರದೇಶವೊಂದರಲ್ಲಿ ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಾನುಗಳೂ ವೇಗೋತ್ಕರ್ಷಕ್ಕೆ ಒಳಗಾಗಿದ್ದವು. ಅಲ್ಲಿ ಸಾಧಾರಣ ಎಲೆಕ್ಟ್ರಾನು ಎಂಬುದೇ ಉಳಿದಿರಲಿಲ್ಲ. ಆದರೂ ಗಡ್ಡೆಗಳೊಂದೇ ಕಾರಣವೆಂದು ಎಲ್ಲರೂ ಒಪ್ಪಿಲ್ಲ. ಪ್ಲಾಸ್ಮಾದ ಕ್ಷುಬ್ಧ ಸುಳಿಗಳು, ಚಿಮ್ಮಿ ಬಂದ ಪ್ರವಾಹ ಕಮಾನಿನ ನೆತ್ತಿಗೆ ಅಪ್ಪಳಿಸಿದಾಗ ಏಳುವ ಆಘಾತ ತರಂಗ, ಇವುಗಳ ಪಾಲೂ ಇದೆಯೆಂಬ ವಾದವಿದೆ.

ಒಳಹರಿವು ಮತ್ತು ಮಟ್ಟ

ಈ ಚರ್ಚೆಗೆ ಈಗ ಬೆಂಗಳೂರಿನಲ್ಲಿ ತಯಾರಾದ ಉಪಕರಣಗಳೂ ಸಾಕ್ಷಿ ನುಡಿಯುತ್ತಿವೆ. ೨೦೨೩ರ ಸೆಪ್ಟೆಂಬರ್ ೨ರಂದು ಹಾರಿದ ಆದಿತ್ಯ-ಎಲ್೧ ನೌಕೆ ೨೦೨೪ರ ಜನವರಿ ೬ರಂದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿರುವ ಎರಡು ಕ್ಷ-ಕಿರಣ ಮಾಪಕಗಳನ್ನು ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪಿಸಲಾಗಿದೆ. ಸೋಲೆಕ್ಸ್ ಎಂಬುದು ಮೃದು ಕ್ಷ-ಕಿರಣಗಳನ್ನೂ, ಹೀಲಿಯೋಸ್ ಎಂಬುದು ತೀಕ್ಷ್ಣ ಕ್ಷ-ಕಿರಣಗಳನ್ನೂ ಅಳೆಯುತ್ತವೆ. ಪ್ರಯಾಣದ ದಾರಿಯಲ್ಲಿಯೇ, ೨೦೨೩ರ ಅಕ್ಟೋಬರ್ ಕೊನೆಯ ವೇಳೆಗೆ, ಹೀಲಿಯೋಸ್ ಜ್ವಾಲೆಗಳ ಮೊದಲ ಹಂತವನ್ನು ದಾಖಲಿಸಿತ್ತು.

ಎರಡು ಮಾಪಕಗಳು ಏಕೆ ಬೇಕು ಎಂಬುದನ್ನು ತಿಳಿಯಲು ತುಂಗಭದ್ರಾ ಜಲಾಶಯವನ್ನು ನೆನೆದರೆ ಸಾಕು. ಮಳೆಗಾಲದಲ್ಲಿ ಪತ್ರಿಕೆಗಳು ಎರಡು ಅಂಕಿಗಳನ್ನು ಕೊಡುತ್ತವೆ: ಒಳಹರಿವು ಎಷ್ಟು, ನೀರಿನ ಮಟ್ಟ ಎಷ್ಟು. ಒಳಹರಿವು ಈ ಕ್ಷಣದ ಮಾತು. ಮಟ್ಟ ಈವರೆಗೆ ಬಂದುದರ ಮೊತ್ತ. ತೀಕ್ಷ್ಣ ಕ್ಷ-ಕಿರಣ ಎಲೆಕ್ಟ್ರಾನುಗಳ ಒಳಹರಿವನ್ನು ಹೇಳುತ್ತದೆ. ಅವು ಬಡಿದು ಕಾಯಿಸಿದ ಅನಿಲ ಕೋಟಿ ಡಿಗ್ರಿಗೂ ಮೀರಿ ಬಿಸಿಯಾಗಿ ಉಬ್ಬಿ ಕಮಾನುಗಳನ್ನು ತುಂಬುತ್ತದೆ. ಮೃದು ಕ್ಷ-ಕಿರಣ ಹೇಳುವುದು ಆ ಮಟ್ಟವನ್ನು. ಒಳಹರಿವಿನ ಲೆಕ್ಕಕ್ಕೂ ಮಟ್ಟಕ್ಕೂ ತಾಳೆಯಾದರೆ ಶಾಖವೆಲ್ಲ ಎಲೆಕ್ಟ್ರಾನುಗಳಿಂದಲೇ ಬಂತೆಂದು ಅರ್ಥ. ತಾಳೆಯಾಗದಿದ್ದರೆ ಬೇರೊಂದು ಹಳ್ಳ ಎಲ್ಲಿಂದಲೋ ಬಂದು ಸೇರಿದೆ. ವರ್ನರ್ ನ್ಯೂಪರ್ಟ್ ೧೯೬೮ರಲ್ಲಿ ಗುರುತಿಸಿದ ಈ ಸಂಬಂಧ ಬಹಳಷ್ಟು ಜ್ವಾಲೆಗಳಲ್ಲಿ ಕಾಣುತ್ತದೆ, ಎಲ್ಲದರಲ್ಲಿಯೂ ಅಲ್ಲ.

ಮುಂಚೂಣಿಯ ದೂತರು

ಇದೆಲ್ಲ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿಗೆ ೧೯೭೨ರ ಆಗಸ್ಟ್ ತಿಂಗಳೇ ಉತ್ತರ. ಅಪೊಲೊ ೧೬ರ ಯಾತ್ರಿಕರು ಏಪ್ರಿಲಿನಲ್ಲಿ ಚಂದ್ರನಿಂದ ಮರಳಿದ್ದರು. ಅಪೊಲೊ ೧೭ರವರು ಡಿಸೆಂಬರಿನಲ್ಲಿ ಹೊರಡುವವರಿದ್ದರು. ನಡುವೆ ಆಗಸ್ಟ್ ೪ರಂದು ಸೂರ್ಯನಿಂದ ಪ್ರೋಟಾನುಗಳ ಭಾರಿ ಮಳೆ ಸುರಿಯಿತು. ಆ ಹೊತ್ತಿನಲ್ಲಿ ಯಾರಾದರೂ ಚಂದ್ರನ ನೆಲದ ಮೇಲೆ ಅಂತರಿಕ್ಷ ಉಡುಪಿನಲ್ಲಿ ಓಡಾಡುತ್ತಿದ್ದರೆ ಅವರಿಗೆ ತೀವ್ರ ವಿಕಿರಣ ಕಾಯಿಲೆ ತಗಲುವ ಅಪಾಯವಿತ್ತು. ಭೂಮಿಯ ಮೇಲಿನವರಿಗೆ ವಾಯುಮಂಡಲ ಮತ್ತು ಕಾಂತಕ್ಷೇತ್ರಗಳ ಕಾವಲಿದೆ. ಚಂದ್ರನತ್ತ ಹೊರಟವರಿಗೆ ಅದಿಲ್ಲ.

ದೇಹಕ್ಕೆ ಹೆಚ್ಚು ಕೇಡು ಮಾಡುವುದು ಭಾರವಾದ ಪ್ರೋಟಾನು. ಹಗುರವಾದ ಎಲೆಕ್ಟ್ರಾನು ಅದಕ್ಕಿಂತ ಬೇಗ ಓಡಿ ಮೊದಲು ತಲುಪುತ್ತದೆ. ಅದನ್ನು ಎಣಿಸಿ ಹಿಂದಿನಿಂದ ಬರುವ ಪ್ರೋಟಾನುಗಳ ಪ್ರಮಾಣವನ್ನು ಸುಮಾರು ಒಂದು ಗಂಟೆಯವರೆಗೆ ಮುಂಚಿತವಾಗಿ ಊಹಿಸಬಹುದೆಂದು ಆರಿಕ್ ಪೋಸ್ನರ್ ೨೦೦೭ರಲ್ಲಿ ಸೋಹೊ ನೌಕೆಯ ಅಳತೆಗಳಿಂದ ತೋರಿಸಿದರು. ಯಾತ್ರಿಕನೊಬ್ಬ ನೌಕೆಯ ದಪ್ಪ ಗೋಡೆಗಳ ಮರೆಗೆ ಸರಿಯಲು ಆ ಗಂಟೆ ಸಾಕು. ಯಾವ ಜ್ವಾಲೆ ಎಷ್ಟು ಎಲೆಕ್ಟ್ರಾನುಗಳನ್ನು ಹೊರಕ್ಕೆ ಬಿಡುತ್ತದೆ, ಯಾವುದು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಗಡ್ಡೆಗಳು ಕಟ್ಟುವ, ಕುಗ್ಗುವ, ಕೂಡುವ ರೀತಿಯನ್ನು ಅವಲಂಬಿಸಿರುವುದಾದರೆ, ಆ ರೀತಿಯನ್ನು ಅರಿತಷ್ಟೂ ಎಚ್ಚರಿಕೆಯ ಅವಧಿ ಬೆಳೆಯುತ್ತದೆ. ನದಿಯ ಮೇಲ್ಭಾಗದಲ್ಲಿ ಎಷ್ಟು ನೀರು ಬಿಟ್ಟರೆಂದು ಮುಂಚೆಯೇ ತಿಳಿದರೆ ಗಡ್ಡೆಯ ಜನ ದಡ ಸೇರಲು ಹೊತ್ತು ಸಿಗುವಂತೆಯೇ ಇದು.